ಗಾರ್ನೆಟ್ಟೋ ಮಾಣಿಕ್ಯವೋ? ತಿರುಗಿಸಿ ನೋಡಿ

ಹರಳಿನ ಗುಣ ದಿಕ್ಕಿಗೆ ತಕ್ಕಂತೆ ಬದಲಾಗುವುದುಂಟು. ಹೊಳೆನರಸೀಪುರ ಸುತ್ತಲಿನ ಶಿಸ್ಟ್ ಎಂಬ ಪದರಪದರವಾದ ಶಿಲೆಗಳಲ್ಲಿ ಗಾರ್ನೆಟ್ (ಸಾಮಾನ್ಯವಾಗಿ ಕಡುಗೆಂಪಾದ ಹರಳು) ಜೊತೆಗೇ ಕಾಣುವ ಕಯನೈಟ್ ಎಂಬ ಖನಿಜ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಉದ್ದಕ್ಕೆ ಉಕ್ಕಿನ ಚಾಕುವಿನಿಂದ ಗೀರಿದರೆ ಗೆರೆ ಬೀಳುತ್ತದೆ, ಅಡ್ಡಕ್ಕೆ ಗೀರಿದರೆ ಬೀಳುವುದಿಲ್ಲ. ಗಾರ್ನೆಟ್‌ನಲ್ಲಿ ಇಂಥ ಭೇದವಿಲ್ಲ. ಬೆಳಕೂ ಅದರೊಳಗೆ ಎಲ್ಲ ದಿಕ್ಕಿನಲ್ಲೂ ಒಂದೇ ವೇಗದಲ್ಲಿ ಸಾಗುತ್ತದೆ. ಮಾಣಿಕ್ಯದಲ್ಲಿ ಹಾಗಲ್ಲ. ಈ ಎರಡು ಕೆಂಪು ಕಲ್ಲುಗಳನ್ನು ಬೇರ್ಪಡಿಸಲು ಈ ವ್ಯತ್ಯಾಸವೇ ಸಾಕು.

ಬೇಕಾದದ್ದು ಎರಡು ಪೋಲರೈಸಿಂಗ್ ಫಿಲ್ಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಬಿಡುವ ಹಾಳೆ) ತುಂಡು, ಟಾರ್ಚ್, ತೆಳು ಬಿಳಿ ಕಾಗದ, ಚಿಮುಟ. ಟಾರ್ಚನ್ನು ಮೇಲ್ಮುಖವಾಗಿ ನಿಲ್ಲಿಸಿ ಕಾಗದ ಮುಚ್ಚಿ, ಅದರ ಮೇಲೆ ಒಂದು ಫಿಲ್ಮ್ ಇಡಿ. ನಾಲ್ಕೈದು ಸೆಂ.ಮೀ. ಮೇಲೆ ಎರಡನೆಯದನ್ನು ಹಿಡಿದು, ಬೆಳಕು ಪೂರ್ತಿ ಆರುವವರೆಗೆ ತಿರುಗಿಸಿ. ಈಗ ಒರೆಸಿದ ಕಲ್ಲನ್ನು ನಡುವೆ ಹಿಡಿದು ನಿಧಾನವಾಗಿ ಒಂದು ಸುತ್ತು ತಿರುಗಿಸಿ.

ಟೂರ್ಮಲೀನ್, ಮಾಣಿಕ್ಯಗಳು ಒಂದು ಸುತ್ತಿಗೆ ನಾಲ್ಕು ಬಾರಿ ಬೆಳಗಿ ನಾಲ್ಕು ಬಾರಿ ಕಪ್ಪಾಗುತ್ತವೆ. ಗಾರ್ನೆಟ್ ಕಪ್ಪಾಗಿಯೇ ಉಳಿಯುತ್ತದೆ.

ಎಡವುವುದು ಇಲ್ಲೇ. ಮಾಣಿಕ್ಯದಲ್ಲೂ ಒಂದು ದಿಕ್ಕಿದೆ. ಆ ದಿಕ್ಕಿನಿಂದ ನೋಡಿದರೆ ಅದೂ ಬೆಳಗುವುದಿಲ್ಲ. ಬಣ್ಣ ಚೆನ್ನಾಗಿ ಕಾಣಲೆಂದು ಕಲ್ಲು ಕತ್ತರಿಸುವವರು ಹಲವು ವೇಳೆ ಇದೇ ದಿಕ್ಕನ್ನು ಮೇಲ್ಮುಖಕ್ಕೆ ಇಡುತ್ತಾರೆ. ಆದ್ದರಿಂದ ಒಂದಕ್ಕೊಂದು ಲಂಬವಾದ ಮೂರು ಭಂಗಿಗಳಲ್ಲಿ ನೋಡದೆ ತೀರ್ಮಾನ ಹೇಳಬೇಡಿ.

ಗಾರ್ನೆಟ್ಟೂ ಕೆಲವೊಮ್ಮೆ ಮೋಸಗೊಳಿಸುತ್ತದೆ. ಬೆಳೆಯುವಾಗ ಒಳಗೆ ಉಳಿದ ಒತ್ತಡದಿಂದ ಹಾವಿನಂತೆ ಸರಿದಾಡುವ ಬೆಳಕಿನ ಪಟ್ಟಿ ಕಾಣಬಹುದು. ಅನುಮಾನ ಬಂದರೆ, ಕಲ್ಲನ್ನು ಅತಿ ಹೆಚ್ಚು ಬೆಳಗುವ ಸ್ಥಿತಿಯಲ್ಲಿ ನಿಲ್ಲಿಸಿ ಮೇಲಿನ ಫಿಲ್ಮನ್ನು 90 ಡಿಗ್ರಿ ತಿರುಗಿಸಿ. ಕಲ್ಲು ಮೊದಲಿಗಿಂತ ಸ್ಪಷ್ಟವಾಗಿ ಹೆಚ್ಚು ಬೆಳಗಿದರೆ ಅದು ಒತ್ತಡದ ಆಟ, ಗಾರ್ನೆಟ್ ಸಾಧ್ಯತೆ ಉಳಿಯಿತು. ಹಾಗೆಯೇ ಇದ್ದರೆ ಅಥವಾ ಮಂಕಾದರೆ ಗಾರ್ನೆಟ್ ಅಲ್ಲ. ಬೆಳಕೇ ದಾಟದಷ್ಟು ಗಾಢವಾದ ಕಲ್ಲಿಗೆ ಈ ಪರೀಕ್ಷೆ ನಡೆಯದು. ತೆಳು ಅಂಚಿದ್ದರೆ ಅಲ್ಲಿ ನೋಡಿ.

ಗಾಜು ಮತ್ತು ಮಾಣಿಕ್ಯದಂತೆ ಕಾಣುವ ಸ್ಪಿನೆಲ್ ಎಂಬ ಹರಳು ಕೂಡ ಕಪ್ಪಾಗಿಯೇ ಉಳಿಯುತ್ತವೆ. ಆಗ ಕಲ್ಲನ್ನು ಥರ್ಮೋಕೋಲ್ ಚೂರಿನ ಮೇಲಿಟ್ಟು ನೀರಲ್ಲಿ ತೇಲಿಸಿ, ಬಲವಾದ ನಿಯೋಡಿಮಿಯಂ ಅಯಸ್ಕಾಂತವನ್ನು ಮುಟ್ಟದಂತೆ ಹತ್ತಿರ ತನ್ನಿ. ಕಬ್ಬಿಣದ ಅಂಶ ಹೆಚ್ಚಿರುವ ಆಲ್ಮಂಡೈನ್ ಗಾರ್ನೆಟ್ ಅದರತ್ತ ಸರಿಯುತ್ತದೆ, ಕೆಂಪು ಸ್ಪಿನೆಲ್ ಕದಲುವುದಿಲ್ಲ. ಗೋಮೇಧಿಕವೂ ಗಾರ್ನೆಟ್ಟೇ, ಆದರೆ ಅದರಲ್ಲಿ ಕಬ್ಬಿಣ ಕಡಿಮೆಯಾದ್ದರಿಂದ ಸೆಳೆತ ದುರ್ಬಲ.