ಪಂಚ್ ಹೊಡೆಯುವವರ ಎದುರು ನಿಲ್ಲುವ ಕೆಲಸ

ಕಾಮಿಡಿ ಸೀರಿಯಲ್‌ನಲ್ಲಿ ಹೆಂಗಸರಿಗೆ ಅಂತ ಬರೆಯುವ ಪಾತ್ರಗಳು ನನಗೆ ಬಾಯಿಪಾಠ. ಗಂಡನನ್ನು ಬೈಯುವ ಹೆಂಡತಿ, ಏನೂ ತಿಳಿಯದ ಪೆದ್ದು ಹುಡುಗಿ, ಎಲ್ಲದಕ್ಕೂ ಮೂಗು ತೂರಿಸುವ ಪಕ್ಕದ್ಮನೆ ಆಂಟಿ. ಎಲ್ಲವನ್ನೂ ಮಾಡಿದ್ದೇನೆ. ಪಂಚ್ ಡೈಲಾಗ್ ಬಹಳ ಸಲ ಗಂಡಸರ ಪಾಲಿಗೇ ಹೋಗುತ್ತದೆ. ಹಾಗಾದರೆ ನಮಗೇನು ಉಳಿಯಿತು? ರಿಯಾಕ್ಷನ್. ಮಾತು ಯಾರದ್ದೇ ಇರಲಿ, ಜನ ನಗುವುದು ಅದನ್ನು ಕೇಳಿಸಿಕೊಂಡವರ ಮುಖ ನೋಡಿ. ನನ್ನ ಹೊಟ್ಟೆಪಾಡು ನಡೆದದ್ದು ಅದರಲ್ಲೇ.

ನಾನು ಬಂದದ್ದು ಹವ್ಯಾಸಿ ನಾಟಕದಿಂದ. ರವೀಂದ್ರ ಕಲಾಕ್ಷೇತ್ರದ ಹಿಂದಿನ ಸಂಸ ಬಯಲು ರಂಗಮಂದಿರ, ಆಮೇಲೆ 2004ರಲ್ಲಿ ಶುರುವಾದ ಜೆ.ಪಿ. ನಗರದ ರಂಗಶಂಕರ. ಅಲ್ಲಿ ಏಳೂವರೆಗೆ ಬಾಗಿಲು ಹಾಕಿದರೆ ಮುಗೀತು, ಸಿಗ್ನಲ್‌ನಲ್ಲಿ ಸಿಕ್ಕಿಕೊಂಡವರು ವಾಪಸ್ ಮನೆಗೆ! ನಾಟಕದಲ್ಲಿ ಜನ ನಕ್ಕರೆ ಕಾಯಬೇಕು, ನಗು ಇಳಿಯುವಾಗ ಮುಂದಿನ ಮಾತು ಎತ್ತಬೇಕು. ಟಿವಿ ಸೆಟ್‌ನಲ್ಲಿ ನಗುವವರೇ ಇಲ್ಲ. ನಾಗರಬಾವಿ ಕಡೆಯ ಯಾವುದೋ ಬಾಡಿಗೆ ಮನೆ, ಫ್ಯಾನ್ ಆಫ್, ಲೈಟ್ ಹಿಡಿದ ಹುಡುಗನಿಗೆ ಊಟದ ಚಿಂತೆ. ನಗುವಿಗೆ ಅಂತ ನಾನು ಸುಮ್ನೆ ಜಾಗ ಬಿಟ್ಟರೆ ಎಡಿಟರ್ ಕತ್ತರಿಸಿ ಬಿಸಾಡುತ್ತಾರೆ. ಅದಕ್ಕೆ ಆ ಜಾಗದಲ್ಲಿ ಕೈಗೊಂದು ಕೆಲಸ ಕೊಡುತ್ತೇನೆ. ಹುರುಳಿಕಾಯಿ ಮುರಿಯುತ್ತಿದ್ದವಳು ಗಂಡನ ಮಾತು ಕೇಳಿ ನಿಲ್ಲಿಸಿ, ಅವನನ್ನು ನೋಡಿ, ಮತ್ತೆ ಮುರಿಯುವುದು, ಈ ಸಲ ಸ್ವಲ್ಪ ಜೋರಾಗಿ. ಇದನ್ನು ಕತ್ತರಿಸಲು ಯಾವ ಎಡಿಟರ್‌ಗೂ ಮನಸ್ಸು ಬರಲ್ಲ.

ಸೀನ್ ಪೇಪರ್ ಬರುವುದು ಬೆಳಗ್ಗೆ, ಕೆಲವೊಮ್ಮೆ ಮೇಕಪ್ ಆಗುವಾಗ, ಅದೂ ವಾಟ್ಸಾಪ್‌ನಲ್ಲಿ. ಮಾತು ಮರೆತರೆ ಅಸಿಸ್ಟೆಂಟ್ ಡೈರೆಕ್ಟರ್ ಕ್ಯಾಮೆರಾ ಹಿಂದಿನಿಂದ ಪ್ರಾಂಪ್ಟ್ ಮಾಡುತ್ತಾರೆ. ಅಳುವ ಸೀನ್‌ಗೆ ಅದು ನಡೆಯುತ್ತದೆ. ಕಾಮಿಡಿಗೆ ಆಗಲ್ಲ, ಕಿವಿ ಪ್ರಾಂಪ್ಟಿಂಗ್ ಕಡೆ ಹೋದ ತಕ್ಷಣ ಕಣ್ಣು ಸತ್ತು ಹೋಗುತ್ತದೆ. ಅದಕ್ಕೇ ಪೇಪರ್ ಕೈಗೆ ಸಿಕ್ಕರೆ ನಾನು ಮೊದಲು ಓದುವುದು ಎದುರಿನವರ ಡೈಲಾಗ್.

ಎಲ್ಲರನ್ನೂ ಒಟ್ಟಿಗೆ ಹಿಡಿಯುವ ಮಾಸ್ಟರ್ ಶಾಟ್ ಮುಗಿದು, ನನ್ನ ಮುಖವನ್ನಷ್ಟೇ ಹತ್ತಿರದಿಂದ ಹಿಡಿಯುವ ಕ್ಲೋಸ್ ತೆಗೆಯುವ ಹೊತ್ತಿಗೆ ಎದುರಿನ ನಟ ಬೇರೆ ಸೆಟ್‌ಗೆ ಓಡಿರುತ್ತಾರೆ. ಅವರ ಜೋಕನ್ನು ಅಸಿಸ್ಟೆಂಟ್ ಹುಡುಗ ರೇಷನ್ ಲಿಸ್ಟ್ ಓದಿದ ಹಾಗೆ ಓದುತ್ತಾನೆ, ನಾನು ಗೋಡೆ ನೋಡಿಕೊಂಡು ಬೆಚ್ಚಿ ಬೀಳಬೇಕು. "ಸಾರ್, ನನ್ನ ಕ್ಲೋಸ್‌ಗೊಂದು ಡೈಲಾಗ್ ಕೊಟ್ಟು ಹೋಗಿ" ಅಂತ ನಾಚಿಕೆ ಬಿಟ್ಟು ಕೇಳುತ್ತೇನೆ. ಸೀನಿಯರ್‌ಗಳು ನಿಲ್ಲುತ್ತಾರೆ. ಹೊಸಬರು ಗಡಿಯಾರ ನೋಡುತ್ತಾರೆ.

ಇನ್ನೊಂದು, ಪಾತ್ರಕ್ಕೆ ತಾನು ತಮಾಷೆ ಅಂತ ಗೊತ್ತಿರಬಾರದು. ಸಿಲ್ಲಿ ಲಲ್ಲಿಯಲ್ಲಿ ಮಂಜುಭಾಷಿಣಿ ಅವರ ಲಲ್ಲಿಗೆ ಸಮಾಜಸೇವೆ ಅಂದರೆ ತಮಾಷೆ ಅಲ್ಲವೇ ಅಲ್ಲ, ಅದಕ್ಕೇ ನಾವು ನಕ್ಕಿದ್ದು. ಮಜಾ ಟಾಕೀಸ್‌ನ ವರಲಕ್ಷ್ಮಿಯಾಗಿ ಅಪರ್ಣಾ ಅವರನ್ನು ನೋಡಿ. ನಿರೂಪಣೆಯ ಅದೇ ಅಚ್ಚುಕಟ್ಟು ಕನ್ನಡ, ನಮ್ಮ ಮೆಟ್ರೋದಲ್ಲಿ ನಿಲ್ದಾಣದ ಹೆಸರು ಹೇಳುವ ಅದೇ ಗಂಭೀರ ದನಿ, ಅದನ್ನೇ ಇಟ್ಟುಕೊಂಡು ನಗಿಸಿದರು. 2024ರಲ್ಲಿ ಅವರು ತೀರಿಹೋದಾಗ ಅವರ ಕ್ಲಿಪ್‌ಗಳನ್ನು ಕೂತು ನೋಡಿದೆ. ಮಾತೇ ಇಲ್ಲದ ಜಾಗಗಳನ್ನು ಜಾಸ್ತಿ ನೋಡಿದೆ.

ದುಡ್ಡಿನ ವಿಷಯ ಹೇಳಿಬಿಡುತ್ತೇನೆ. ಸಂಬಳ ದಿನದ ಲೆಕ್ಕ, ಕೈಗೆ ಬರುವುದು ತಿಂಗಳುಗಳ ಮೇಲೆ. ಒಂದು ಪ್ರೊಡಕ್ಷನ್‌ನ ಕೊನೆಯ ಚೆಕ್ ಇನ್ನೂ ಬಂದಿಲ್ಲ. ಸೀರೆ ಬಹುತೇಕ ನಮ್ಮದೇ, ಉಟ್ಟದ್ದನ್ನೇ ಉಟ್ಟರೆ ವೀಕ್ಷಕರು ತಕ್ಷಣ ಹಿಡಿಯುತ್ತಾರೆ. ಗುರುವಾರ ಟಿಆರ್‌ಪಿ ಬರುತ್ತದೆ, ಇಳಿದಿದ್ದರೆ ಮೊದಲು ಸಣ್ಣದಾಗುವುದು ಕಾಮಿಡಿ ಟ್ರ್ಯಾಕ್. ಅಳುವ ತಾಯಿಗೆ ಮಾತ್ರ ವರ್ಷಗಟ್ಟಲೆ ಕೆಲಸ.

ಅದಕ್ಕೇ ಈಗ ಒಂದು ಫ್ಯಾಮಿಲಿ ಸೀರಿಯಲ್‌ನಲ್ಲಿ ಅತ್ತೆ ಪಾತ್ರ ಒಪ್ಪಿಕೊಂಡಿದ್ದೇನೆ. ಸೊಸೆ ಬಾಯಿಗೆ ಬಂದ ಹಾಗೆ ಮಾತಾಡುತ್ತಾಳೆ, ನಾನು ಸುಮ್ನೆ ಕೇಳಿಸಿಕೊಂಡು ನಿಲ್ಲಬೇಕು, ಅಷ್ಟೇ. ಡೈರೆಕ್ಟರ್ ಮಾತ್ರ ಆಗಾಗ ಕಟ್ ಹೇಳಿ ಬರುತ್ತಾರೆ. "ಮೇಡಂ, ನಗು ಬರ್ತಿದೆ. ಸ್ವಲ್ಪ ಕಮ್ಮಿ ಮಾಡಿ."