ಕುಯ್ಲು ಮುಗಿಸಿ ಕೇಪ್‌ಗೆ ಹೊರಡುವುದು ಹೇಗೆ?

ಚಿಕ್ಕಮಗಳೂರಿನ ಆಲ್ದೂರಿನ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅದರಲ್ಲೇ ಮೂರು ಕೋಣೆಯ ಹೋಂಸ್ಟೇ. ಗುರುವಾರ ಬಂತೆಂದರೆ ಫೋನ್ ಶುರು. "ಸಾರ್, ಎರಡು ದಿನದಲ್ಲಿ ಮುಳ್ಳಯ್ಯನಗಿರಿ, ಕೆಮ್ಮಣ್ಣುಗುಂಡಿ, ಬೇಲೂರು, ಹೊರನಾಡು ಎಲ್ಲಾ ಆಗುತ್ತೆ ಅಲ್ವಾ?" ಆಗುತ್ತೆ, ಕಾರಿನ ಕಿಟಕಿಯಿಂದ ನೋಡಿದರೆ ಸಾಕು ಅನ್ನುವುದಾದರೆ. ಬಾಯಿಗೆ ಬಂದದ್ದನ್ನು ನುಂಗಿಕೊಳ್ಳುತ್ತೇನೆ.

ಎರಡು ವರ್ಷದ ಹಿಂದೆ ನಾವೇ ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಸುತ್ತಲಿನ ವೈನ್ ಸೀಮೆಗೆ ಹೊರಟೆವು. ಆಗ ನಾನು ಬರೆದ ಮೊದಲ ಪಟ್ಟಿಯಲ್ಲಿ ಆರು ದಿನಕ್ಕೆ ಹನ್ನೊಂದು ಊರಿದ್ದವು. ಮನೆಯವಳು ನೋಡಿ, "ನಮ್ಮ ಗೆಸ್ಟ್ ಯಾರಾದರೂ ಹೀಗೆ ಕೇಳಿದ್ದರೆ ನೀವು ಏನು ಹೇಳ್ತಿದ್ರಿ?" ಅಂದಳು. ಪಟ್ಟಿ ಹರಿದು ಹಾಕಿದೆ. ಆಮೇಲೆ ಪ್ರತಿ ಹೆಜ್ಜೆಯಲ್ಲೂ ಅದೇ ಪ್ರಶ್ನೆ ಕೇಳಿಕೊಂಡು ಪ್ಲಾನ್ ಮಾಡಿದ್ದನ್ನು ಇಲ್ಲಿ ಹೇಳುತ್ತಿದ್ದೇನೆ.

ಕೇಪ್ ಯಾಕೆ? ಬಿಸಿಲು, ಸಮುದ್ರ, ದ್ರಾಕ್ಷಿ ತೋಟ ಮೂರೂ ಒಂದೇ ಕಡೆ ಸಿಗುತ್ತವೆ. ಅಲ್ಲಿನ ಎಷ್ಟೋ ಬಾಟಲಿಗಳ ಮೇಲೆ ಸೀಮೆಯ ಹೆಸರೇ 'ಕೋಸ್ಟಲ್ ರೀಜನ್' ಎಂದಿರುತ್ತದೆ. ಗಾಡಿ ಓಡಿಸುವುದು ನಮ್ಮ ಹಾಗೇ ಎಡಗಡೆ. ಒಂದು ರ್‍ಯಾಂಡ್ ನಮ್ಮ 5 ರೂಪಾಯಿ ಆಸುಪಾಸು. ಯೂರೋ ಲೆಕ್ಕದಷ್ಟು ಎದೆ ಹೊಡೆದುಕೊಳ್ಳುವುದಿಲ್ಲ.

ಮೊದಲು ತಾರೀಕು, ಆಮೇಲೆ ಉಳಿದದ್ದು

ಭೂಮಿಯ ಆ ಅರ್ಧದಲ್ಲಿ ಕಾಲ ತಿರುಗುಮುರುಗು. ನಮಗೆ ಚಳಿಯಾದಾಗ ಅಲ್ಲಿ ಬೇಸಿಗೆ. ಜೂನ್‌ನಿಂದ ಆಗಸ್ಟ್‌ವರೆಗೆ ಅಲ್ಲಿ ಚಳಿ ಮತ್ತು ಮಳೆ. ಮಳೆ ನೋಡಲು ನಾವು ಅಷ್ಟು ದೂರ ಹೋಗಬೇಕಿಲ್ಲ, ಅದನ್ನು ಬಿಡಿ. ಡಿಸೆಂಬರ್, ಜನವರಿಯಲ್ಲಿ ಬಿಸಿಲು ಚೆನ್ನಾಗಿರುತ್ತದೆ. ಆದರೆ ಅವರ ಮಕ್ಕಳಿಗೂ ಆಗಲೇ ರಜೆ. ರೂಮಿನ ಬಾಡಿಗೆ ಏರಿರುತ್ತದೆ, ಗಾಳಿಯೂ ಜೋರು.

ದ್ರಾಕ್ಷಿ ಕುಯ್ಲು ಜನವರಿ ಕೊನೆಗೆ ಶುರುವಾಗಿ ಮಾರ್ಚ್‌ವರೆಗೆ, ಕೆಲವು ಕಡೆ ಏಪ್ರಿಲ್‌ವರೆಗೂ ನಡೆಯುತ್ತದೆ. ಅದನ್ನು ನೋಡಬೇಕೆಂದರೆ ಫೆಬ್ರವರಿಯಲ್ಲಿ ಹೋಗಬೇಕು. ಬೆಳೆಗಾರನಿಗೆ ಇದು ಆಗುವ ಮಾತಲ್ಲ. ಅರೇಬಿಕಾ ಮುಗಿಯುವಷ್ಟರಲ್ಲಿ ರೊಬಸ್ಟಾ ಹಣ್ಣಾಗಿರುತ್ತದೆ. ಕಣದಲ್ಲಿ ಕಾಫಿ ಹರಡಿರುತ್ತದೆ. ಅದು ಮುಗಿಯಿತು ಅನ್ನುವಾಗ ಸ್ಪ್ರಿಂಕ್ಲರ್ ಹಾಕುವ ಗಡಿಬಿಡಿ. ನಡುವೆ ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬಂದರೆ ಸಂತೋಷ, ಬಾರದಿದ್ದರೆ ನಿದ್ದೆ ಇಲ್ಲ.

ನನ್ನ ಲೆಕ್ಕದಲ್ಲಿ ನಮ್ಮವರಿಗೆ ಎರಡೇ ಕಿಂಡಿ. ಒಂದು ದಸರಾ ರಜೆ. ಆಗ ಅಲ್ಲಿ ವಸಂತ. ಹರ್ಮಾನಸ್ ಎಂಬ ಊರಿನಲ್ಲಿ ದಡದ ಮೇಲೆ ನಿಂತೇ ತಿಮಿಂಗಿಲ ನೋಡಬಹುದು. ಇನ್ನೊಂದು ಏಪ್ರಿಲ್ ಎರಡನೇ ವಾರದ ನಂತರ, ಮರಗಸಿ, ಅಂದರೆ ನೆರಳಿನ ಮರದ ಕೊಂಬೆ ಕಡಿಯುವ ಕೆಲಸ ಶುರುವಾಗುವ ಮೊದಲು. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ಅಲ್ಲಿ ಗಾಳಿ ತಗ್ಗಿರುತ್ತದೆ, ಬಳ್ಳಿಯ ಎಲೆ ಹಳದಿ, ಕೆಂಪಿಗೆ ತಿರುಗುತ್ತಿರುತ್ತದೆ. ನಾವು ಹೋದದ್ದು ಏಪ್ರಿಲ್‌ನಲ್ಲಿ. ಈಸ್ಟರ್ ಯಾವಾಗ ಅಂತ ಮಾತ್ರ ಕ್ಯಾಲೆಂಡರ್ ನೋಡಿ. ಆ ನಾಲ್ಕು ದಿನ ರೂಮು ಸಿಗುವುದು ಕಷ್ಟ.

ಕಾಗದಪತ್ರ

ವೀಸಾ ಬೇಕೇ ಬೇಕು. ಅರ್ಜಿ ಹಾಕಿ ಕಾಯಲು ಎರಡು ತಿಂಗಳಾದರೂ ಇಟ್ಟುಕೊಳ್ಳಿ. ತೋಟದವರಿಗೆ ಒಂದು ಪೇಚಾಟವಿದೆ. ಸಂಬಳದ ಚೀಟಿ ಇರುವುದಿಲ್ಲ, ಕೃಷಿ ಆದಾಯವಾದ್ದರಿಂದ ಹಲವರು ತೆರಿಗೆ ರಿಟರ್ನ್ಸ್ ಕೂಡ ಹಾಕಿರುವುದಿಲ್ಲ. ನಾನು ಪಹಣಿ, ಕಾಫಿ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್‌ಗೆ ಕಾಫಿ ಹಾಕಿದ ಬಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಜೋಡಿಸಿದೆ. ಮೇಲೆ ಇಂಗ್ಲಿಷ್‌ನಲ್ಲಿ ಒಂದು ಪುಟದ ವಿವರಣೆ ಬರೆದಿಟ್ಟೆ. ಪಹಣಿ ಕನ್ನಡದಲ್ಲಿರುತ್ತದೆ, ಅನುವಾದ ಮಾಡಿಸಿ ನೋಟರಿ ಸಹಿ ಹಾಕಿಸಿ. ಮಕ್ಕಳಿದ್ದರೆ ತಂದೆ, ತಾಯಿ ಇಬ್ಬರ ಹೆಸರೂ ಇರುವ ಜನನ ಪ್ರಮಾಣಪತ್ರ ಇರಲಿ. ಇನಿಷಿಯಲ್ ಬಿಡಿಸಿ ಬರೆದ ಹೆಸರು ಒಂದು ಕಡೆ, ಬಿಡಿಸದ್ದು ಇನ್ನೊಂದು ಕಡೆ ಇದ್ದರೆ ಮೊದಲೇ ಸರಿ ಮಾಡಿಸಿಕೊಳ್ಳಿ.

ಬೆಂಗಳೂರಿನಿಂದ ಕೇಪ್‌ಟೌನ್‌ಗೆ ನೇರ ವಿಮಾನವಿಲ್ಲ. ದುಬೈ ಅಥವಾ ದೋಹಾ ಮೇಲೆ ಹೋದರೆ ತಲೆನೋವು ಕಡಿಮೆ. ನಾನು ಅಗ್ಗ ಅಂತ ಒಬ್ಬ ಏಜೆಂಟರ ಮಾತು ಕೇಳಿ ಇಥಿಯೋಪಿಯಾದ ಆಡಿಸ್ ಅಬಾಬಾ ಮೇಲೆ ಟಿಕೆಟ್ ಮಾಡಿಸಿದ್ದೆ. ಅಲ್ಲಿ 14 ಗಂಟೆ ಕಾಯಬೇಕಿತ್ತು. ಹಳದಿ ಜ್ವರ ಇರುವ ದೇಶದ ವಿಮಾನ ನಿಲ್ದಾಣದಲ್ಲಿ 12 ಗಂಟೆಗಿಂತ ಜಾಸ್ತಿ ಇದ್ದರೆ ದಕ್ಷಿಣ ಆಫ್ರಿಕಾ ಲಸಿಕೆಯ ಸರ್ಟಿಫಿಕೇಟ್ ಕೇಳುತ್ತದೆ. ಲಸಿಕೆ ಹಾಕಿಸಿಕೊಂಡು 10 ದಿನ ಆಗಿರಬೇಕು. ಇದನ್ನು ಯಾರೂ ಹೇಳಲಿಲ್ಲ. ಗೊತ್ತಾದ ಮೇಲೆ ಟಿಕೆಟ್ ಬದಲಿಸಿದ್ದಕ್ಕೆ ಹೋದ ದುಡ್ಡಿನಲ್ಲಿ ಒಂದು ಹೊಸ ಕಾಫಿ ಪಲ್ಪರ್ ಮೋಟಾರು ಬರುತ್ತಿತ್ತು.

ಎಲ್ಲಿ ಉಳಿಯುವುದು, ಎಷ್ಟು ದಿನ

ಎಂಟು ರಾತ್ರಿ, ಎರಡೇ ಮನೆ. ಇದಕ್ಕಿಂತ ಜಾಸ್ತಿ ಕಡೆ ಪೆಟ್ಟಿಗೆ ಬಿಚ್ಚಿ ಕಟ್ಟಬೇಡಿ. ನಾವು ನಾಲ್ಕು ರಾತ್ರಿ ಸಮುದ್ರದ ಪಕ್ಕ ಮೈಜೆನ್‌ಬರ್ಗ್‌ನಲ್ಲಿದ್ದೆವು, ನಾಲ್ಕು ರಾತ್ರಿ ದ್ರಾಕ್ಷಿ ತೋಟಗಳ ಊರು ಸ್ಟೆಲೆನ್‌ಬಾಷ್‌ನಲ್ಲಿ. ಅಡುಗೆಮನೆ ಇರುವ ಮನೆಗಳಿಗೆ ಅಲ್ಲಿ 'ಸೆಲ್ಫ್ ಕೇಟರಿಂಗ್' ಅನ್ನುತ್ತಾರೆ. ಅಮ್ಮ ಶುದ್ಧ ಸಸ್ಯಾಹಾರಿ. ಬೆಳಿಗ್ಗೆ ಒಂದು ಪಾತ್ರೆ ಅನ್ನ ಮಾಡಿ, ಚಟ್ನಿಪುಡಿ ಹಾಕಿ ಕಲಸಿ ಡಬ್ಬಿಗೆ ತುಂಬಿದರೆ ಅರ್ಧ ಚಿಂತೆ ಮುಗಿಯಿತು. ಹುರಿದ ಕಾಫಿಪುಡಿ ಒಯ್ಯಿರಿ. ಹಸಿ ಬೀಜ, ಗಿಡ, ಹಣ್ಣು ಬೇಡ, ಬೆಳೆ ರೋಗದ ಭಯಕ್ಕೆ ಅಲ್ಲಿ ಅದಕ್ಕೆಲ್ಲ ಕಟ್ಟುನಿಟ್ಟು. ಇನ್ನೊಂದು ಖುಷಿಯ ಸಂಗತಿ: ಅಲ್ಲಿನ ಪ್ಲಗ್ ನಮ್ಮ ಗೀಸರಿನ ಮೂರು ದಪ್ಪ ಕಡ್ಡಿಯ ಪ್ಲಗ್ಗೇ. ಚಿಕ್ಕಮಗಳೂರಿನ ಅಂಗಡಿಯಲ್ಲೇ ಅಡಾಪ್ಟರ್ ಸಿಗುತ್ತದೆ.

ಕೇಪ್‌ಟೌನ್‌ನಿಂದ ಸ್ಟೆಲೆನ್‌ಬಾಷ್ ಸುಮಾರು 50 ಕಿ.ಮೀ. ಅಲ್ಲಿಂದ ಫ್ರಾನ್ಸ್‌ಹುಕ್ ಎಂಬ ಮತ್ತೊಂದು ವೈನ್ ಊರು ಇನ್ನೊಂದು 30 ಚಿಲ್ಲರೆ. ಹರ್ಮಾನಸ್ 120ರ ಸುಮಾರು, ಅದಕ್ಕೆ ಇಡೀ ದಿನ ಕೊಡಿ. ಕಾನ್‌ಸ್ಟಾನ್ಷಿಯಾ ಮಾತ್ರ ಕೇಪ್‌ಟೌನ್ ಒಳಗೇ ಇದೆ, ಟೇಬಲ್ ಮೌಂಟನ್ ಬೆಟ್ಟದ ಹಿಂಬದಿಯಲ್ಲಿ. 1685ರ ತೋಟ. ಸೇಂಟ್ ಹೆಲೆನಾ ದ್ವೀಪದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್ ಕುಡಿದದ್ದು ಇಲ್ಲಿನ ಸಿಹಿ ವೈನ್. ಸ್ಟೆಲೆನ್‌ಬಾಷ್ ಊರು ಹುಟ್ಟಿದ್ದು 1679ರಲ್ಲಿ. ಬಾಬಾಬುಡನ್ ಏಳು ಕಾಫಿ ಬೀಜ ನಮ್ಮ ಗಿರಿಗೆ ತಂದದ್ದು 1670ರ ಸುಮಾರಿಗೆ ಅನ್ನುತ್ತಾರೆ. ಎರಡು ಬೆಳೆಯೂ ಹೆಚ್ಚು ಕಡಿಮೆ ಒಂದೇ ವಯಸ್ಸಿನವು ಅಂತ ನಾನು ಹೇಳಿದರೆ ಮಗಳು ಮೊಬೈಲ್‌ನಿಂದ ತಲೆ ಎತ್ತಲಿಲ್ಲ.

ಆ ಚೆಂದದ ಬಿಳಿ ಮನೆಗಳ ಹಿಂದಿನ ಕಥೆಯೂ ಇದೆ. ನೆಲ ಹದ ಮಾಡಿ ತೋಟ ಬೆಳೆಸಿದವರಲ್ಲಿ ಡಚ್ಚರು ಹಿಡಿದು ತಂದ ಗುಲಾಮರೇ ಜಾಸ್ತಿ. ಬಂಗಾಳ ಮತ್ತು ಮಲಬಾರ್ ಕಡೆಯಿಂದ ತಂದವರೂ ಅವರಲ್ಲಿದ್ದರು. ಮುಂದೆ ಬಹಳ ಕಾಲ ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲೇ ಕೊಡುತ್ತಿದ್ದರು. ತೋಟದ ಕೂಲಿಯವರ ಲೈನ್ ಮನೆ ನೋಡಿ ಬೆಳೆದ ನಮಗೆ ಇದು ಬರೀ ಇತಿಹಾಸ ಅನಿಸುವುದಿಲ್ಲ. ಕಾನ್‌ಸ್ಟಾನ್ಷಿಯಾದ ಮ್ಯೂಸಿಯಂಗೆ ಒಂದು ಗಂಟೆ ಇಟ್ಟುಕೊಳ್ಳಿ.

ಗಾಳಿಗೆ ಒಂದು ದಿನ ಬಿಡಿ

ಟೇಬಲ್ ಮೌಂಟನ್ 1,085 ಮೀಟರ್. ಅಂದರೆ ಸುಮಾರು ನಮ್ಮ ಚಿಕ್ಕಮಗಳೂರು ಪೇಟೆಯಷ್ಟೇ ಎತ್ತರ. ಹಾಸನದ ಭಾವ "ಇಷ್ಟೇನಾ?" ಅಂದರು. ಆದರೆ ಅದು ಸಮುದ್ರದ ಪಕ್ಕದಿಂದಲೇ ಗೋಡೆಯ ಹಾಗೆ ಎದ್ದು ನಿಂತಿದೆ. ಕೆಳಗೆ ನಿಂತು ನೋಡಿದ ಮೇಲೆ ಅವರೂ ಸುಮ್ಮನಾದರು. ಆಗ್ನೇಯದಿಂದ ಬೀಸುವ ಗಾಳಿಗೆ ಅಲ್ಲಿನವರು 'ಕೇಪ್ ಡಾಕ್ಟರ್' ಅನ್ನುತ್ತಾರೆ, ಊರಿನ ಕೊಳೆಗಾಳಿ ಹೊಡೆದೋಡಿಸುತ್ತದೆ ಅಂತ. ಅದು ಜೋರಾದರೆ ಕೇಬಲ್ ಕಾರ್ ನಿಲ್ಲುತ್ತದೆ. ನಾವು ಕೊನೆಯ ದಿನಕ್ಕೆ ಇಟ್ಟುಕೊಂಡಿದ್ದೆವು. ಬೆಟ್ಟದ ಮೇಲೆ ಮೋಡ ಬಿಳಿ ಪಂಚೆ ಹಾಸಿದ ಹಾಗೆ ಕೂತಿತ್ತು. ಕೇಬಲ್ ಕಾರ್ ಬಂದ್. ಆದ್ದರಿಂದ ಊರು ಮುಟ್ಟಿದ ಮೇಲೆ ಯಾವ ದಿನ ಆಕಾಶ ತಿಳಿಯಾಗಿದೆಯೋ ಅದೇ ದಿನ ಹತ್ತಿಬಿಡಿ.

ಸಮುದ್ರದ ನೀರು ಐಸು. ಮಲ್ಪೆ, ಮುರುಡೇಶ್ವರದ ನೆನಪಿನಲ್ಲಿ ಇಳಿಯಬೇಡಿ. ಮೈಜೆನ್‌ಬರ್ಗ್ ಕಡೆ ಸ್ವಲ್ಪ ವಾಸಿ. ಸೈಮನ್ಸ್ ಟೌನ್ ಹತ್ತಿರ ಬೋಲ್ಡರ್ಸ್‌ನಲ್ಲಿ ಪೆಂಗ್ವಿನ್‌ಗಳಿವೆ. ಅಮ್ಮನಿಗೆ ಇಡೀ ಪ್ರವಾಸದಲ್ಲಿ ಹಿಡಿಸಿದ್ದು ಅವೇ.

ಕುಡಿಯುವವರು, ಓಡಿಸುವವರು

ಒಂದೇ ನಿಯಮ: ಇಬ್ಬರೂ ಒಬ್ಬರೇ ಆಗಬಾರದು. ಗಾಡಿ ಬಾಡಿಗೆಗೆ ತೆಗೆದುಕೊಳ್ಳುವವರು ನಮ್ಮ ಆರ್‌ಟಿಒದಲ್ಲಿ ಅಂತಾರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಳ್ಳಿ. ಸ್ಟೆಲೆನ್‌ಬಾಷ್‌ನಲ್ಲಿದ್ದಾಗ ನಾವು ದಿನದ ಲೆಕ್ಕಕ್ಕೆ ಡ್ರೈವರ್ ಸಮೇತ ವ್ಯಾನ್ ಮಾಡಿಕೊಂಡೆವು. ಫ್ರಾನ್ಸ್‌ಹುಕ್‌ನಲ್ಲಿ ವೈನ್ ಟ್ರಾಮ್ ಇದೆ. ಬೇಕಾದ ತೋಟದಲ್ಲಿ ಇಳಿದು, ಮುಂದಿನದಕ್ಕೆ ಹತ್ತಬಹುದು. ಕುಡಿಯದವರಿಗೂ ಅದು ಚೆಂದ. ಕತ್ತಲಾದ ಮೇಲೆ ಪೇಟೆಯಲ್ಲಿ ನಡೆದು ಹೋಗಬೇಡಿ, ಮೊಬೈಲ್ ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಲ್ಲಬೇಡಿ, ಉಬರ್ ಕರೆಸಿ. ಪಾರ್ಕಿಂಗ್ ಜಾಗದಲ್ಲಿ ಗಾಡಿ ಕಾಯುವವರಿಗೆ ನಾಲ್ಕಾರು ರ್‍ಯಾಂಡ್ ಚಿಲ್ಲರೆ ಇಟ್ಟುಕೊಳ್ಳಿ.

ಟೇಸ್ಟಿಂಗ್ ಮಾಡುವುದು ಹೇಗೆ

ದಿನಕ್ಕೆ ಎರಡು ತೋಟ. ಮೂರನೆಯದರ ರುಚಿ ನಾಲಿಗೆಗೆ ಗೊತ್ತಾಗುವುದಿಲ್ಲ, ಆಣೆ ಮಾಡಿ ಹೇಳುತ್ತೇನೆ. ಮೊದಲೇ ಬುಕ್ ಮಾಡಿ. ಎಷ್ಟೋ ಕಡೆ ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ. ಬೆಳಿಗ್ಗೆ ಹನ್ನೊಂದರ ಹೊತ್ತು ಒಳ್ಳೆಯದು, ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ. ಸೆಂಟ್ ಹಾಕಿಕೊಳ್ಳಬೇಡಿ, ನಿಮ್ಮ ವಾಸನೆಯ ಮುಂದೆ ಲೋಟದ ವಾಸನೆ ಬರುವುದಿಲ್ಲ.

ಐದಾರು ಬಗೆಯನ್ನು ಒಂದೊಂದು ಗುಟುಕು ಸುರಿಯುತ್ತಾರೆ. ಬಿಳಿಯಿಂದ ಕೆಂಪಿಗೆ, ತೆಳುವಿನಿಂದ ದಪ್ಪಕ್ಕೆ. ಮೇಜಿನ ಮೇಲೆ ಒಂದು ಉಗುಳುವ ಪಾತ್ರೆ. ನಮ್ಮವರಿಗೆ ಇಲ್ಲೇ ನಾಚಿಕೆ. ದುಡ್ಡು ಕೊಟ್ಟು ಉಗುಳುವುದಾ ಅಂತ ಭಾವ ಮೊದಲ ನಾಲ್ಕನ್ನೂ ನುಂಗಿದರು, ಐದನೆಯದಕ್ಕೆ ಮುಖ ಕೆಂಪಾಗಿತ್ತು. ಕಾಫಿಯ ರುಚಿ ಪರೀಕ್ಷೆ, ಅಂದರೆ ಕಪ್ಪಿಂಗ್ ನೋಡಿದವರಿಗೆ ಇದು ಹೊಸದಲ್ಲ. ಸೊರ್ ಅಂತ ಎಳೆದು, ಬಾಯೆಲ್ಲ ಆಡಿಸಿ, ಉಗುಳುವುದು. ನಾನು ಹಾಗೆ ಸೊರ್ ಅಂದದ್ದಕ್ಕೆ ಸುರಿಯುತ್ತಿದ್ದ ಹುಡುಗಿ ನಕ್ಕು, "ನೀವೂ ಇದೇ ಕೆಲಸದವರಾ?" ಅಂತ ಕೇಳಿದಳು. ಕಾಫಿ ಅಂದೆ. ಒಳಗೆ ಹೋಗಿ ಪಟ್ಟಿಯಲ್ಲಿ ಇಲ್ಲದ ಒಂದು ಬಾಟಲಿ ತಂದಳು.

ಅದು 'ಕಾಫಿ ಪಿನೋಟಾಜ್'. ಪಿನೋಟಾಜ್ ಅಲ್ಲಿಯದೇ ತಳಿ. 1925ರಲ್ಲಿ ಸ್ಟೆಲೆನ್‌ಬಾಷ್‌ನ ಪ್ರೊಫೆಸರ್ ಅಬ್ರಹಾಂ ಪೆರೋಲ್ಡ್ ಪಿನೋ ನ್ವಾರ್ ಮತ್ತು ಸ್ಯಾನ್ಸೋ ಎಂಬ ಎರಡು ದ್ರಾಕ್ಷಿ ಸೇರಿಸಿ ಮಾಡಿದ ಕ್ರಾಸ್. ಮೂಸಿದರೆ ನಿಜಕ್ಕೂ ಹುರಿದ ಕಾಫಿ. ಒಳಗೆ ಒಂದು ಬೀಜವೂ ಇಲ್ಲ, ಸುಟ್ಟ ಓಕ್ ಮರದಿಂದ ಬರುವ ವಾಸನೆ ಅದು. ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೆ ಅಷ್ಟು ಹಿಡಿಸಲಿಲ್ಲ, ಕಾಫಿ ಬೇಕಾದರೆ ಕಾಫಿಯನ್ನೇ ಕುಡಿಯುತ್ತೇನೆ. ಬಿಸಿಲಿಗೆ ಹಿಡಿಸಿದ್ದು ಶೆನಿನ್ ಬ್ಲಾಂಕ್. ಹಳಬರು ಅದನ್ನು ಸ್ಟೀನ್ ಅನ್ನುತ್ತಾರೆ.

ಟೇಸ್ಟಿಂಗ್ ರೂಮಿನಲ್ಲೇ ಕೂರಬೇಡಿ, ಅವರನ್ನು ಕೇಳಿ ಬಳ್ಳಿಯ ಸಾಲಿನೊಳಗೆ ನಡೆಯಿರಿ. ಕೆಲವು ತೋಟಗಳಲ್ಲಿ ಸಾಲಿನ ತುದಿಗೆ ಗುಲಾಬಿ ನೆಟ್ಟಿರುತ್ತಾರೆ. ಅಂದಕ್ಕೆ ಅಂದುಕೊಂಡಿದ್ದೆ. ಬೂದಿ ರೋಗ ಬಳ್ಳಿಗಿಂತ ಮೊದಲು ಗುಲಾಬಿಗೆ ಹತ್ತುತ್ತದೆ, ಅದನ್ನು ನೋಡಿ ಔಷಧಿ ಹೊಡೆಯುತ್ತಿದ್ದರಂತೆ. ಅಲ್ಲೇ ನಿಂತಿದ್ದಾಗ ಊರಲ್ಲಿ ತೋಟ ನೋಡಿಕೊಳ್ಳುವ ನಮ್ಮ ರೈಟರ್ ಫೋನ್ ಬಂತು. ಅಲ್ಲಿ ಬೆಳಿಗ್ಗೆ ಹತ್ತು, ಇಲ್ಲಿ ಮಧ್ಯಾಹ್ನ ಒಂದೂವರೆ. "ಅಣ್ಣಾ, ಒಂದೂಕಾಲು ಇಂಚು ಮಳೆ ಬಿತ್ತು." ಆ ದಿನದ ವೈನ್ ಎಲ್ಲವೂ ಚೆನ್ನಾಗಿತ್ತು.

ಬಾಟಲಿ ತರುವುದಾದರೆ ಒಬ್ಬ ವಯಸ್ಕರಿಗೆ ಸುಂಕವಿಲ್ಲದೆ 2 ಲೀಟರ್. ಅಂದರೆ 750 ಮಿ.ಲೀ.ನ ಎರಡು ಬಾಟಲಿ. ಕೈಚೀಲದಲ್ಲಿ ಇಟ್ಟುಕೊಂಡರೆ ಸೆಕ್ಯೂರಿಟಿಯಲ್ಲಿ ಕಿತ್ತುಕೊಳ್ಳುತ್ತಾರೆ, ದೊಡ್ಡ ಪೆಟ್ಟಿಗೆಗೇ ಹಾಕಿ. ಬಿಳಿಯದನ್ನು ಟವೆಲ್‌ನಲ್ಲಿ ಸುತ್ತಿ, ಕೆಂಪಿನದನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಾಯಿ ಕಟ್ಟಿ. ಅಮ್ಮನ ಇಳಕಲ್ ಸೀರೆಯ ಪಕ್ಕ ಮಾತ್ರ ಇಡಬೇಡಿ.