ಮಗ ಕುಡಿದು ಗಾಡಿ ಹೊಡೆದು ಸಿಕ್ಕಿಬಿದ್ದಾಗ ಅಪ್ಪ ಮಾಡಬೇಕಾದದ್ದು, ಮಾಡಬಾರದ್ದು

ರಾತ್ರಿ ಹನ್ನೊಂದರ ಮೇಲೆ ನನ್ನ ಫೋನು ಬಡಕೊಂಡರೆ ಹೆಚ್ಚಾಗಿ ಮಾತು ಒಂದೇ ಇರುತ್ತದೆ: “ವಕೀಲಸಾಬ್ರ, ಹುಡುಗನ್ನ ನಾಕಾದಾಗ ಹಿಡದಾರ್ರೀ. ಸ್ವಲ್ಪ ಸಾಹೇಬ್ರಿಗಿ ಒಂದು ಮಾತು ಹೇಳ್ರಿ.” ಹುಮನಾಬಾದ್ ರಸ್ತೆಯದೋ ಜೇವರ್ಗಿ ರಸ್ತೆಯದೋ ಧಾಬಾ, ಯಾರದೋ ಬರ್ತ್‌ಡೇ, ಒಂದೇ ಬೈಕಿನ ಮೇಲೆ ಮೂವರು. ಇದೇ ಅಪ್ಪಂದಿರು ಹಗಲು ಹೊತ್ತು ಕಲಬುರಗಿ ಕೋರ್ಟಿನ ಎದುರು ಛಾ ಕುಡಿಯುತ್ತ “ಕುಡದು ಗಾಡಿ ಹೊಡಿಯೋ ಹುಡುಗರಿಗಿ ಶಿಕ್ಷೆ ಸಾಲವಲ್ದು, ಒಳಗ ಹಾಕ್ಬೇಕು” ಅಂದಿರುತ್ತಾರೆ. ಆ ಮಾತು ಮಂದಿ ಮಕ್ಕಳಿಗೆ. ನನ್ನನ್ನು ಕೇಳಿದರೆ ಶಿಕ್ಷೆ ಕಾಯ್ದೆಯಲ್ಲಿ ಬಹುಮಟ್ಟಿಗೆ ಸಾಕಷ್ಟಿದೆ. ಅದು ಹುಡುಗನ ಮೈಗೆ ತಾಗದ ಹಾಗೆ ಅಡ್ಡ ನಿಲ್ಲುವವರು ಮನೆಯವರು. ಅಡ್ಡ ನಿಲ್ಲದಿರುವುದು ಹೇಗೆ ಅಂತ ಇಲ್ಲಿ ಬರೆದಿದ್ದೇನೆ.

ಮೊದಲು ಕಾಯ್ದೆ ಏನು ಹೇಳುತ್ತದೆ ಗೊತ್ತಿರಲಿ. ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಂ. 100 ಮಿಲಿ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯ ಇದ್ದರೆ ಅಪರಾಧ. ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ ₹10,000 ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ₹15,000, ಇಲ್ಲವೇ ಎರಡೂ. 2019ರ ಸೆಪ್ಟೆಂಬರ್ 1ಕ್ಕೂ ಮುಂಚೆ ಮೊದಲ ಸಲದ ದಂಡ ಹೆಚ್ಚೆಂದರೆ ₹2,000 ಇತ್ತು, ಅಂದರೆ ಒಂದೇ ಏಟಿಗೆ ಐದು ಪಟ್ಟಾಯಿತು. ಹಾಗಂತ ಎಲ್ಲರಿಗೂ ಒಂದೇ ತೂಕದ ಏಟಲ್ಲ. ದಾಲ್ ಮಿಲ್ಲಿನ ಹಮಾಲನ ಮಗನಿಗೆ ಹತ್ತು ಸಾವಿರ ಅಂದರೆ ಅಪ್ಪ ತಿಂಗಳುಗಟ್ಟಲೆ ಚೀಲ ಹೊರಬೇಕು. ಪ್ಲಾಟು ಮಾರುವವರ ಮಗನಿಗೆ ಅದು ಒಂದು ಜೊತೆ ಬೂಟು.

ಫೋನು ಬಂದ ರಾತ್ರಿ

ಕಾರ್ಪೊರೇಟರಿಗೆ, ಎಮ್ಮೆಲ್ಲೆ ಪಿಎಗೆ, ಪೊಲೀಸ್ ಇಲಾಖೆಯಲ್ಲಿರುವ ಬೀಗರ ಅಳಿಯನಿಗೆ ಫೋನು ಬೇಡ. ಆರ್‌ಸಿ, ವಿಮೆ, ಹುಡುಗನ ಲೈಸೆನ್ಸು, ನಿಮ್ಮ ಆಧಾರ್ ತಗೊಂಡು ಹೋಗಿ. ಹೋಗುವಾಗ ಆಟೋದಲ್ಲಿ ಹೋದರೆ ಒಳ್ಳೆಯದು, ಬರುವಾಗ ಅವನನ್ನು ಕೂರಿಸಿಕೊಂಡು ಬರಲಿಕ್ಕೆ. ಬೈಕು ಅವತ್ತು ನಿಮ್ಮ ಕೈಗೆ ಸಿಗದೇ ಇರಬಹುದು. ಸಿಗದಿದ್ದರೆ ಬಿಡಿ, ರಾತ್ರಿ ಹನ್ನೆರಡಕ್ಕೆ ಅದಕ್ಕಾಗಿ ಜಗಳ ಬೇಡ.

ಅಲ್ಲೇ ರೊಕ್ಕ ಕೊಟ್ಟು ಮುಗಿಸುತ್ತೇನೆ ಅಂತ ಪಾಕೀಟಿಗೆ ಕೈ ಹಾಕಬೇಡಿ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ದಂಡ ಕಟ್ಟಬಹುದು, 185ಕ್ಕೆ ಆಗದು. ಆ ಕಲಂ ಸ್ಥಳದಲ್ಲೇ ರಾಜಿಯಾಗುವ ಪಟ್ಟಿಯಲ್ಲಿಲ್ಲ, ಕೋರ್ಟಿಗೇ ಬರಬೇಕು. ನಾಕಾದಲ್ಲಿ ನೀವು ಕೊಟ್ಟ ರೊಕ್ಕ ದಂಡ ಅನ್ನಿಸಿಕೊಳ್ಳುವುದಿಲ್ಲ, ಅದರ ಹೆಸರು ಬೇರೆ.

ನೋಟಿಸು ಕೈಗೆ ಬಂದಾಗ ನಾಲ್ಕು ಸಂಗತಿ ಓದಿ: ಕಲಂ, ಊದಿಸಿದ ಮಷಿನ್ನಿನ ಅಂಕಿ, ಹೊತ್ತು, ಜಾಗ. ಹುಡುಗ ಖರೇನೇ ಕುಡಿದಿಲ್ಲ ಅನ್ನುತ್ತಿದ್ದರೆ, ಮೌತ್‌ವಾಶ್ ಮುಕ್ಕಳಿಸಿದ್ದೋ ಕೆಮ್ಮಿನ ಸಿರಪ್ಪು ಕುಡಿದದ್ದೋ ಇದ್ದರೆ, ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಊದಿಸಲು ಕೇಳಿ, ಇಲ್ಲವೇ ರಕ್ತ ಪರೀಕ್ಷೆ ಕೇಳಿ. ಬಾಯಲ್ಲಿ ಉಳಿದ ಮದ್ಯ ಅಷ್ಟೊತ್ತಿಗೆ ಆರಿಹೋಗುತ್ತದೆ, ರಕ್ತದಲ್ಲಿರುವುದು ಆರುವುದಿಲ್ಲ. ಊದುವುದಿಲ್ಲ ಅಂತ ಹಟ ಹಿಡಿಯುವುದು ಮಾತ್ರ ದಡ್ಡತನ. ಕೋರ್ಟು ಆ ನಿರಾಕರಣೆಯನ್ನೇ ಅವನ ವಿರುದ್ಧ ಎಣಿಸಬಹುದು, 205ನೇ ಕಲಂ ಇರುವುದೇ ಅದಕ್ಕೆ. ಬಂಧನವಾಗಿ ಎರಡು ತಾಸಿನೊಳಗೆ ವೈದ್ಯರ ತಪಾಸಣೆ ಆಗದಿದ್ದರೆ ಬಿಟ್ಟು ಕಳಿಸಬೇಕು ಅಂತಲೂ ಕಾಯ್ದೆಯಲ್ಲಿದೆ. ಆ ಬಾಗಿಲು ನನಗೂ ಗೊತ್ತು, ನನ್ನ ಜೊತೆಯ ವಕೀಲರಿಗೂ ಗೊತ್ತು. ಸುಳ್ಳು ಕೇಸಾದರೆ ಧಾರಾಳವಾಗಿ ಬಳಸೋಣ. ಮಗ ತೂರಾಡುತ್ತ ನಿಂತಿದ್ದು ನೀವೇ ನೋಡಿದ್ದರೆ, ಮತ್ತೊಬ್ಬ ವಕೀಲರನ್ನು ಹುಡುಕಿಕೊಳ್ಳಿ.

ಮನೆಗೆ ಬಂದ ಮೇಲೆ ರಾತ್ರಿ ಬೈಗುಳ ಬೇಡ, ಅವನಿಗೆ ಕೇಳಿಸುವುದಿಲ್ಲ. ನಿಂಬೆಹಣ್ಣು, ಮಜ್ಜಿಗೆ, ಕಡಕ್ ಛಾ ಯಾವುದೂ ಮದ್ಯವನ್ನು ಬೇಗ ಇಳಿಸುವುದಿಲ್ಲ. ದೇಹ ಸುಮಾರಾಗಿ ತಾಸಿಗೆ, 100 ಮಿಲಿ ರಕ್ತದಲ್ಲಿ 15 ಮಿಲಿಗ್ರಾಂನಂತೆ ಕಳೆದುಕೊಳ್ಳುತ್ತದೆ. ರಾತ್ರಿ ಒಂದಕ್ಕೆ 120 ಇದ್ದವನು 30ಕ್ಕೆ ಇಳಿಯಬೇಕಾದರೆ ಮುಂಜಾನೆ ಏಳಾಗಬೇಕು. ಐದಕ್ಕೆದ್ದು “ನಿದ್ದಿ ಆಗ್ಯದ, ಆರಾಮ್ ಅದೀನಿ” ಅಂತ ಕಾರು ತೆಗೆದು ಗಾಣಗಾಪುರಕ್ಕೆ ಹೊರಟವನು ಇನ್ನೂ ಅಪರಾಧದ ಒಳಗೇ ಇರುತ್ತಾನೆ.

ಕೋರ್ಟು, ರೊಕ್ಕ

ಕೋರ್ಟಿಗೆ ಅವನೇ ಬರಲಿ. ಹೆಸರು ಕರೆದಾಗ ಕಟಕಟೆಯಲ್ಲಿ ಅವನೇ ನಿಂತು, ತಪ್ಪು ಒಪ್ಪುವುದಾದರೆ ತನ್ನ ಬಾಯಿಂದಲೇ ಹೇಳಲಿ. “ಪರೀಕ್ಷೆ ಅದರೀ, ನೀವೇ ಮುಗಿಸಿಬಿಡ್ರಿ” ಅನ್ನುವ ಅಪ್ಪಂದಿರಿಗೆ ನಾನು ಮುಂದಿನ ತಾರೀಖು ಕೇಳುತ್ತೇನೆಯೇ ಹೊರತು ಅವನಿಲ್ಲದೆ ಮುಗಿಸಿಕೊಡುವುದಿಲ್ಲ.

ದಂಡದ ರೊಕ್ಕದಲ್ಲಿಯೇ ಎಲ್ಲ ಕೆಡುವುದು. ಅಪ್ಪ ಕಟ್ಟಿದರೆ ಶಿಕ್ಷೆ ಅಪ್ಪನಿಗಾಯಿತು. ಸೇಡಂ ಕಡೆಯ ಒಬ್ಬ ತೊಗರಿ ಅಡತಿಯವರು ಮಾಡಿದ್ದು ನನಗೆ ಬಹಳ ಹಿಡಿಸಿತು. ದಂಡ ತಾವೇ ಕಟ್ಟಿದರು, ಆದರೆ ಅಂಗಡಿಯ ಖಾತೆ ಪುಸ್ತಕದಲ್ಲಿ ಮಗನ ಹೆಸರಿಗೆ ಉದ್ದರಿ ಬರೆದರು. ಸುಗ್ಗಿಯಲ್ಲಿ ಗಂಜ್ ಮಾರುಕಟ್ಟೆಗೆ ತೊಗರಿ ಬರುವಾಗ ಇಂಜಿನಿಯರಿಂಗ್ ಓದುವ ಹುಡುಗ ರಜೆಯಲ್ಲಿ ಬಂದು ಹಮಾಲರ ಜೊತೆ ತೂಕಕ್ಕೆ ನಿಂತ. ಕೂಲಿ ಎಲ್ಲರಿಗೆ ಎಷ್ಟೋ ಅವನಿಗೂ ಅಷ್ಟೇ, ದಿನಾ ಸಂಜೆ ಖಾತೆಯಲ್ಲಿ ಕಡಿತ. ತಾಯಿಗೆ ಸಿಟ್ಟು ಬಂದಿತ್ತಂತೆ. ಬರಲಿ. ಅಡತಿ ಇಲ್ಲದವರು ಪಾಕೆಟ್ ಮನಿಯಲ್ಲಿ ಕತ್ತರಿಸಬಹುದು, ಫೋನಿನ ಕಂತು ನಿಲ್ಲಿಸಬಹುದು.

ಕಾಯ್ದೆ ಸಾಲದು ಅಂತ ನನಗೂ ಅನ್ನಿಸುವ ಜಾಗ ಇದೇ. ಕುಡಿದು ರಸ್ತೆಯಲ್ಲಿ ಗಲಾಟೆ ಮಾಡಿದವನಿಗೆ ಐಪಿಸಿಯ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆಯ 355ನೇ ಕಲಂ ಪ್ರಕಾರ ಸಮುದಾಯ ಸೇವೆಯ ಶಿಕ್ಷೆ ಕೊಡಬಹುದು. ಕುಡಿದು ಬೈಕು ಹೊಡೆದವನಿಗೆ 185ರಲ್ಲಿ ಜೈಲು ಅದ, ದಂಡ ಅದ, ಸೇವೆಯ ಮಾತಿಲ್ಲ. ಮೊದಲ ಸಲ ಸಿಕ್ಕ ಇಪ್ಪತ್ತರ ಹುಡುಗನನ್ನು ಜೈಲಿಗೆ ಹಾಕಿದರೆ ಒಳಗಿರುವವರ ಸ್ನೇಹ ಮಾಡಿಕೊಂಡು ಬರುತ್ತಾನೆ. ದೊಡ್ಡಾಸ್ಪತ್ರೆಯ ಅಪಘಾತ ವಾರ್ಡಿನಲ್ಲಿ ಒಂದು ತಿಂಗಳು ಸ್ಟ್ರೆಚರ್ ದೂಡಿಸಬೇಕು, ಶನಿವಾರ ರಾತ್ರಿಗಳಲ್ಲಿ. ಶ್ರೀಮಂತನ ಮಗನಿಗೂ ಬಡವನ ಮಗನಿಗೂ ಸ್ಟ್ರೆಚರಿನ ಭಾರ ಒಂದೇ.

ಹದಿನೆಂಟು ತುಂಬದಿದ್ದರೆ

ಆಗ ಆರೋಪಿ ನೀವು. ಮೋಟಾರು ವಾಹನ ಕಾಯ್ದೆಯ 199ಎ ಕಲಂ ಪ್ರಕಾರ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, ₹25,000 ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲರ್ನರ್ ಲೈಸೆನ್ಸೂ ಇಲ್ಲ. ನನಗೆ ಗೊತ್ತಿರಲಿಲ್ಲ ಅಂತ ಸಾಬೀತು ಮಾಡುವ ಹೊಣೆಯೂ ನಿಮ್ಮದೇ. ಕೀಲಿಯನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಟ್ಯೂಷನ್ನಿಗೆ ದಿನಾ ಸ್ಕೂಟಿಯಲ್ಲೇ ಕಳಿಸಿದವರು ಇದನ್ನು ಹೇಗೆ ಸಾಬೀತು ಮಾಡುತ್ತಾರೋ ನಾ ಕಾಣೆ.

ಪುಣೆಯಲ್ಲಿ 2024ರ ಮೇ 19ರಂದು ಹದಿನೇಳರ ಹುಡುಗನೊಬ್ಬ ಪೋರ್ಶೆ ಕಾರು ಗುದ್ದಿಸಿ ಇಬ್ಬರು ಯುವ ಇಂಜಿನಿಯರುಗಳು ಸತ್ತಾಗ ಬಾಲನ್ಯಾಯ ಮಂಡಳಿ 300 ಪದಗಳ ಪ್ರಬಂಧ ಬರೆಯುವ ಷರತ್ತಿನ ಮೇಲೆ ಜಾಮೀನು ಕೊಟ್ಟಿತ್ತು. ದೇಶವೆಲ್ಲ ಆ ಪ್ರಬಂಧದ ಮೇಲೆ ಉರಿದುಬಿತ್ತು. ನನ್ನ ಕಣ್ಣು ಹೋದದ್ದು ಆಮೇಲೆ ಬಂದ ಆರೋಪದ ಮೇಲೆ: ಆಸ್ಪತ್ರೆಯಲ್ಲಿ ರಕ್ತದ ಮಾದರಿಯನ್ನೇ ಬದಲಿಸಿದರು ಅಂತ. ವೈದ್ಯರು, ತಂದೆತಾಯಿ ಬಂಧನಕ್ಕೊಳಗಾದರು. ನಡುರಾತ್ರಿ “ಒಂದು ಮಾತು ಹೇಳ್ರಿ” ಅನ್ನುವ ಫೋನು ಎಲ್ಲಿಯವರೆಗೂ ಹೋದೀತು ಅನ್ನುವುದಕ್ಕೆ ಬೇರೆ ಪುರಾವೆ ಹುಡುಕಬೇಕಾಗಿಲ್ಲ.

ಯಾರಿಗಾದರೂ ಗುದ್ದಿದ್ದರೆ

ಅವನು ಅಲ್ಲಿಂದಲೇ ಫೋನು ಮಾಡಿದರೆ ನಿಮ್ಮ ಮೊದಲ ಮಾತು “108ಕ್ಕೆ ಹಚ್ಚು, ಅಲ್ಲಿಂದ ಕದಲಬ್ಯಾಡ” ಆಗಿರಲಿ. ಮಂದಿ ಹೊಡೆಯುತ್ತಾರೆ ಅನ್ನುವ ಭಯವಿದ್ದರೆ ನೇರ ಹತ್ತಿರದ ಠಾಣೆಗೆ ಹೋಗಲಿ, ಮನೆಗೆ ಬರಬಾರದು. ನಿರ್ಲಕ್ಷ್ಯದಿಂದ ಸಾವಾದರೆ ಹಳೆಯ ಐಪಿಸಿಯಲ್ಲಿ ಎರಡು ವರ್ಷದವರೆಗೆ ಇದ್ದ ಶಿಕ್ಷೆ 2024ರ ಜುಲೈ 1ರಿಂದ ಐದು ವರ್ಷದವರೆಗೆ ಆಗಿದೆ. ಕುಡಿದದ್ದು ಗೊತ್ತಿದ್ದೂ ಗಾಡಿ ಹೊಡೆದ ಅಂತ ಕೊಲೆಯಲ್ಲದ ನರಹತ್ಯೆಯ ಕಲಂ ಬಿದ್ದರೆ ಹತ್ತು ವರ್ಷದವರೆಗೂ ಹೋಗಬಹುದು. 21 ತುಂಬದವರನ್ನು ಜೈಲಿಗೆ ಕಳಿಸುವ ಮುಂಚೆ ಕೋರ್ಟು ಯೋಚಿಸಬೇಕು ಅಂತ 1958ರ ಪ್ರೊಬೇಷನ್ ಕಾಯ್ದೆ ಹೇಳುವುದು ನಿಜ, ಆದರೆ ರಸ್ತೆಯಲ್ಲಿ ಜೀವ ತೆಗೆದವರಿಗೆ ಆ ಸಡಿಲಿಕೆ ಸಲ್ಲದು ಅಂತ ಸುಪ್ರೀಂ ಕೋರ್ಟು 2000ದಲ್ಲೇ ದಲ್ಬೀರ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ವಿಮೆಯ ಮೇಲೂ ಭಾರ ಹಾಕಬೇಡಿ. ನಿಮ್ಮ ಕಾರಿನ ರಿಪೇರಿಗೆ ಕಂಪನಿ ಕೈ ಎತ್ತುತ್ತದೆ. ಸತ್ತವರ ಮನೆಗೆ ಕೊಟ್ಟ ಪರಿಹಾರವನ್ನೂ ಆಮೇಲೆ ಮಾಲೀಕನಿಂದ ವಸೂಲಿ ಮಾಡಲು ಕೋರ್ಟುಗಳು ಬಿಡುವುದುಂಟು. ಹೊಲ ನಿಮ್ಮ ಹೆಸರಿನಲ್ಲಿದ್ದರೆ ಲೆಕ್ಕ ಹಾಕಿಕೊಳ್ಳಿ.

ಲೈಸೆನ್ಸು

ಪೊಲೀಸರು ಲೈಸೆನ್ಸು ತೆಗೆದುಕೊಂಡು ಆರ್‌ಟಿಓಗೆ ಕಳಿಸುತ್ತಾರೆ. ಮೊದಲ ಸಲಕ್ಕೆ ಮೂರು ತಿಂಗಳು ಅಮಾನತು, ಎರಡನೇ ಸಲಕ್ಕೆ ರದ್ದತಿ. ಮೂರು ತಿಂಗಳು ಸಿಟಿ ಬಸ್ಸಿನಲ್ಲಿ ಹೋಗಲಿ. “ಸೂಪರ್ ಮಾರ್ಕೆಟ್‌ತನಾ ಅಷ್ಟೇ ಅಪ್ಪಾ” ಅಂತ ಕೀಲಿ ಕೇಳುತ್ತಾನೆ. ಅಮಾನತಿನ ನಡುವೆ ಸಿಕ್ಕರೆ ಇನ್ನೊಂದು ₹10,000 ಇಲ್ಲವೇ ಮೂರು ತಿಂಗಳವರೆಗೆ ಜೈಲು, ಗೊತ್ತಿದ್ದೂ ಗಾಡಿ ಕೊಟ್ಟ ನಿಮಗೆ ಬೇರೆ ಕೇಸು. ಅವಧಿ ಮುಗಿದ ಮೇಲೂ ಲೈಸೆನ್ಸು ತಾನಾಗಿ ಮನೆಗೆ ಬರುವುದಿಲ್ಲ. ಚಾಲಕರ ಮರುತರಬೇತಿ ಮುಗಿಸಿ ಅದರ ಕಾಗದ ಕೊಡಬೇಕು. ಆ ಸರದಿಯಲ್ಲೂ ಅವನೇ ನಿಲ್ಲಲಿ, ನೀವು ಜೊತೆಗೆ ಹೋಗಬೇಡಿ.